ಗಿರಾವೀನಿನ ಗ್ಯಾರೇಜಿನಲ್ಲಿ ಆರ್ಡೆನಿಯಾ

ಬಳ್ಳಾರಿಯ ಕೌಲ್ ಬಜಾರಿನ ಒಂದು ಕಟಿಂಗ್ ಶಾಪಿನಲ್ಲಿ, ಕನ್ನಡಿಯ ಮೇಲುಗಡೆ, ಮೂರು ಹೊಗೆಕೊಳವೆಗಳ ದೊಡ್ಡ ಹಡಗಿನ ಕ್ಯಾಲೆಂಡರ್ ತೂಗುತ್ತಿತ್ತು. ತಿಂಗಳ ಹಾಳೆಗಳು ಯಾವತ್ತೋ ಹರಿದುಹೋಗಿ ಚಿತ್ರವೊಂದೇ ಉಳಿದಿತ್ತು. ಇಂದ್ರೇಶ್ ಚಿಕ್ಕವನಿದ್ದಾಗ ಕತ್ತರಿ ಕಿವಿಯ ಹತ್ತಿರ ಬಂದರೂ ಅಲ್ಲಾಡದೆ ಕೂರುತ್ತಿದ್ದುದು ಆ ಹಡಗಿನ ದೆಸೆಯಿಂದ. ಇಂಗ್ಲೆಂಡಿನಿಂದ ಅಮೆರಿಕಾಕ್ಕೆ ಜನ ಹೀಗೇ ಹೋಗುತ್ತಿದ್ದರು, ಒಳಗೆ ಈಜುಕೊಳ, ವಾದ್ಯಮೇಳ ಎಲ್ಲ ಇರುತ್ತಿತ್ತು ಎಂದು ಅಂಗಡಿಯವನು ಹೇಳಿದ್ದ. ಸಮುದ್ರವನ್ನೇ ಕಾಣದ ಹುಡುಗ ಸಾಲುಸಾಲು ದುಂಡು ಕಿಟಕಿಗಳಲ್ಲಿ ಒಂದನ್ನು ತನ್ನದೆಂದು ಗುರುತು ಮಾಡಿಟ್ಟುಕೊಂಡಿದ್ದ.

ಆ ಹುಚ್ಚು ಬೆಳೆಯುತ್ತಾ ಬಿಟ್ಟುಹೋಗಲಿಲ್ಲ. ಓದಲು ಸಿಡ್ನಿಗೆ ಬಂದ, ರಾತ್ರಿಯೆಲ್ಲ ಪೆಟ್ರೋಲ್ ಬಂಕಿನಲ್ಲಿ ದುಡಿದ, ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಪ್ಯಾರಾಮಟಾದ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸವಾಯಿತು. ಮೈಸೂರಿನ ಸಂಯುಕ್ತಾಳನ್ನು ಮದುವೆಯಾಗಿ ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ಮನೆ ಕೊಂಡ. ಮಗಳು ಅಪೂರ್ವಳಿಗೆ ಈಗ ಹನ್ನೆರಡು. ಸಿಡ್ನಿಯ ಬಂದರುಕಟ್ಟೆ ಸರ್ಕ್ಯುಲರ್ ಕೀಗೆ ಬಂದು ನಿಲ್ಲುವ ಕ್ರೂಸ್ ಹಡಗುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಇವು ಹಡಗಲ್ಲ, ತೇಲೋ ಮಾಲ್‌ಗಳು. ಎಲ್ಲಿಗೂ ಹೋಗಲ್ಲ, ಸುಮ್ನೆ ಸುತ್ಕೊಂಡು ಬರ್ತವೆ" ಎನ್ನುತ್ತಿದ್ದ. ಅವನ ಮನಸ್ಸು ಅಟ್ಲಾಂಟಿಕ್ ದಾಟುತ್ತಿದ್ದ ಹಳೆಯ ಹಡಗುಗಳ ಮೇಲೆ. ಅವುಗಳ ಚಮಚ, ಊಟದ ಪಟ್ಟಿ, ಪೆಟ್ಟಿಗೆಗೆ ಅಂಟಿಸುವ ಚೀಟಿ ಎಲ್ಲ ಆನ್‌ಲೈನಿನಲ್ಲಿ ಹುಡುಕಿ ತರಿಸುತ್ತಿದ್ದ. ಆ ಸಾಮಾನಿನಿಂದಾಗಿ ಕಾರು ಎಂದೋ ಗ್ಯಾರೇಜಿನಿಂದ ಹೊರಗೆ ಬಂದಿತ್ತು.

"ಆ ಕಾಲದಲ್ಲಿ ಹುಟ್ಬೇಕಿತ್ತು ಕಣೇ" ಎಂದ ಒಂದು ಸಲ.

ಸಂಯುಕ್ತಾ ಬಟ್ಟೆ ಮಡಚುತ್ತಿದ್ದಳು. "ಹುಟ್ಟಿದ್ರೆ ಏನಾಗ್ತಿತ್ತು ಹೇಳಿ? ಆ ಹಡಗಲ್ಲಿ ನಮ್ಮಂಥೋರು ಇರ್ತಿದ್ರಾ? ಇದ್ರೂ ಕೆಳಗಡೆ ಕಲ್ಲಿದ್ದಲು ಸುರೀತಾ ಇರ್ತಿದ್ರು."

ಅವನು ನಕ್ಕು ಗ್ಯಾರೇಜಿಗೆ ಹೋದ.

ಹೋದ ವರ್ಷದ ಚಳಿಗಾಲದಲ್ಲಿ ಮೆಲ್ಬರ್ನಿನ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಆರ್ಡೆನಿಯಾ ಎಂಬ ಹಡಗಿನ ಫಸ್ಟ್ ಕ್ಲಾಸಿನ ಒಂದು ಇಡೀ ಕೋಣೆ. ಗೋಡೆಯ ಮರದ ಹಲಗೆಗಳು, ಮಂಚ, ಮುಖ ತೊಳೆಯುವ ತೊಟ್ಟಿ, ಹಿತ್ತಾಳೆ ಹಿಡಿಕೆಯ ಬಾಗಿಲು, ಆಳನ್ನು ಕರೆಯುವ ಗಂಟೆಯ ಗುಂಡಿ ಸಮೇತ. ಆರ್ಡೆನಿಯಾ ತನ್ನ ಒಳ್ಳೆಯ ಕಾಲವನ್ನೆಲ್ಲ ಅಟ್ಲಾಂಟಿಕ್‌ನಲ್ಲಿ ಕಳೆದು, ಮುದಿಯಾದ ಮೇಲೆ ವಲಸೆಗಾರರನ್ನು ಆಸ್ಟ್ರೇಲಿಯಾಕ್ಕೆ ಹೊತ್ತು ತಂದಿತ್ತು. ಅದನ್ನು ಒಡೆಯಲು ಮಾರುವ ಮುಂಚೆ ಒಳಗಿನ ಮರಗೆಲಸವನ್ನು ಹರಾಜು ಹಾಕಿದ್ದರು. ಆಗ ಈ ಕೋಣೆಯನ್ನು ಕೊಂಡವನು ವಾಲ್ಟರ್ ಎಂಬ ಬಡಗಿ. ಅವನು ಸತ್ತಿದ್ದ. ಮಾರುತ್ತಿದ್ದವಳು ಅವನ ಹೆಂಡತಿ ಎಡ್ನಾ.

ಇಂದ್ರೇಶ್ ವ್ಯಾನ್ ಬಾಡಿಗೆಗೆ ಹಿಡಿದು ಮೆಲ್ಬರ್ನಿಗೆ ಹೋದ. ಎಡ್ನಾ ಡಾಕ್‌ಲ್ಯಾಂಡ್ಸಿನ ಎತ್ತರದ ಅಪಾರ್ಟ್‌ಮೆಂಟಿನಲ್ಲಿದ್ದಳು. ಕಿಟಕಿಯಾಚೆ ನೀರು ಕಾಣುತ್ತಿತ್ತು, ಆದರೆ ಅವಳು ಕುರ್ಚಿಯನ್ನು ಒಳಗಿನ ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದಳು. ಎಂಬತ್ತು ದಾಟಿದ ಹೆಂಗಸು, ಮಾತು ಸ್ಪಷ್ಟವಾಗಿತ್ತು. ಹಲಗೆಗಳೆಲ್ಲ ಕೆಳಗಿನ ಸ್ಟೋರೇಜಿನಲ್ಲಿವೆ, ಬೀಗದಕೈ ತಗೋ ಎಂದಳು. ಅವನು ಹೊರಟಾಗ ಕರೆದು ಕೇಳಿದಳು: "ಅದನ್ನ ಜೋಡಿಸ್ತೀಯಾ? ಅಥವಾ ಹಾಗೇ ಇಟ್ಕೋತೀಯಾ?"

"ಜೋಡಿಸ್ತೀನಿ" ಎಂದ ಇಂದ್ರೇಶ್.

ಅವಳು ಏನೋ ಹೇಳಲು ಹೊರಟವಳು, "ಒಂಟಿಯಾಗಿಲ್ಲ ತಾನೆ, ಮನೇಲಿ ಜನ ಇದಾರೆ ತಾನೆ?" ಎಂದಷ್ಟೇ ಕೇಳಿದಳು. ಹೆಂಡತಿ, ಮಗಳು ಇದ್ದಾರೆ ಎಂದಾಗ ತಲೆಯಾಡಿಸಿ ತನ್ನ ಫೋನ್ ನಂಬರನ್ನು ಅವನ ಕೈಗಿತ್ತಳು.

ವಾರಾಂತ್ಯಗಳಲ್ಲಿ ಕೆಲಸ ಸಾಗಿತು. ಗ್ಯಾರೇಜಿನೊಳಗೆ ಕೋಣೆಯೊಳಗೊಂದು ಕೋಣೆ ಎದ್ದಿತು. ಅದರ ಬಾಗಿಲು ತೆರೆದರೆ ವಾಷಿಂಗ್ ಮಷಿನ್ ಕಾಣುತ್ತಿತ್ತು. ಬಾಗಿಲು ಹಾಕಿ ಹಳದಿ ಮರದ ನಡುವೆ ಮಂಚದ ಮೇಲೆ ಒರಗಿದರೆ ಮಾತ್ರ ಗಿರಾವೀನ್ ಎಲ್ಲೋ ಹಿಂದೆ ಉಳಿದುಹೋಗುತ್ತಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಅಲ್ಲೇ ಮಲಗಲು ಶುರುಮಾಡಿದ. ಆಮೇಲೆ ವಾರದ ಮಧ್ಯದಲ್ಲೂ, ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ.

ಮೊದಲು ಗಡಿಯಾರ. ಒಳಗೆ ತೂಗುಹಾಕಿದ್ದ ಗಡಿಯಾರ ಒಂದು ಗಂಟೆ ಹಿಂದಿರುವುದು ಕಂಡಿತು. ಸರಿಮಾಡಿದ. ಮರುದಿನ ಮತ್ತೆ ಹಿಂದೆ. ಬ್ಯಾಟರಿ ಬದಲಾಯಿಸಿದ. ಕೈಗಡಿಯಾರವೂ ಹಾಗೇ ಮಾಡಿದಾಗ ಅವನ ಎದೆ ಹಾರಿತು, ಹೆದರಿಕೆಗಿಂತ ಹೆಚ್ಚಾಗಿ ಖುಷಿಗೆ. ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ಹೋಗುವ ಹಡಗುಗಳು ದಿನಕ್ಕೊಂದು ಗಂಟೆಯಂತೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಿದ್ದವು. ಅದು ಅವನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಒಂದು ದಿನ ಸಂಯುಕ್ತಾ ಕಾಫಿ ತಂದಳು. ಲೋಟವನ್ನು ತೊಟ್ಟಿಯ ಪಕ್ಕದ ಹಲಗೆಯ ಮೇಲಿಟ್ಟು ತಿರುಗಬೇಕು, ಹಾಗೇ ನಿಂತಳು. ಲೋಟ ನೆಟ್ಟಗಿತ್ತು. ಕಾಫಿ ಮಾತ್ರ ಒಂದು ಕಡೆಗೆ ವಾಲಿಕೊಂಡಿತು, ನಿಧಾನವಾಗಿ ಇನ್ನೊಂದು ಕಡೆಗೆ ವಾಲಿತು, ಮತ್ತೆ ಈ ಕಡೆಗೆ.

"ಇದನ್ನ ಬಿಚ್ಚಿಹಾಕಿ" ಎಂದಳು. ದನಿ ಸಣ್ಣದಾಗಿತ್ತು.

"ನೆಲ ಸಮ ಇಲ್ಲ ಅಷ್ಟೆ."

"ನೆಲ ಸಮ ಇಲ್ಲಾಂದ್ರೆ ಒಂದೇ ಕಡೆ ವಾಲ್ಬೇಕು ರೀ."

ಅವನು ಕಾಫಿಯನ್ನು ಸಂತೋಷದಿಂದ ನೋಡುತ್ತಿದ್ದ. ಅವಳಿಗೆ ಹೆಚ್ಚು ಭಯವಾದದ್ದು ಆ ಸಂತೋಷ ಕಂಡು.

ಹಳೆಯ ಹಡಗುಗಳಲ್ಲಿ ಮಲಗುವಾಗ ಪ್ರಯಾಣಿಕರು ಶೂಗಳನ್ನು ಬಾಗಿಲ ಹೊರಗೆ ಬಿಡುತ್ತಿದ್ದರು. ಆಳುಗಳು ಒಯ್ದು ಪಾಲಿಶ್ ಮಾಡಿ ತಂದಿಡುತ್ತಿದ್ದರು. ಇಂದ್ರೇಶ್ ತಮಾಷೆಗೆಂದು ಆಫೀಸಿನ ಶೂಗಳನ್ನು ವಾಷಿಂಗ್ ಮಷಿನ್ ಪಕ್ಕದಲ್ಲಿ ಬಿಟ್ಟು ಮಲಗಿದ. ಎದ್ದು ನೋಡಿದರೆ ಮುಖ ಕಾಣುವಂತೆ ಹೊಳೆಯುತ್ತಿದ್ದವು.

"ಥ್ಯಾಂಕ್ಸ್ ಕಣೇ" ಎಂದ, ಅಡುಗೆಮನೆಗೆ ಬಂದು.

"ಯಾಕೆ?" ಎಂದಳು ಸಂಯುಕ್ತಾ. ಅವಳು ಬೆಳಗಿನಿಂದ ತಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿದ್ದು ಆಗಷ್ಟೇ ಬಂದಿದ್ದಳು. ಭುಜದ ಮೇಲಿನ ಬ್ಯಾಗನ್ನೂ ಇಳಿಸಿರಲಿಲ್ಲ.

ಇಷ್ಟರ ಮೇಲೂ ಅವನು ನಿಲ್ಲಿಸಲಿಲ್ಲ. ಬಾಗಿಲಾಚೆ ಮೆತ್ತನೆ ಹಾಸಿನ ಮೇಲೆ ನಡೆದಾಡುವ ಸಪ್ಪಳ, ದೂರದಲ್ಲಿ ಊಟದ ಜಾಗಟೆ, ಹಲಗೆಗಳೊಳಗೆ ಯಂತ್ರದ ಸಣ್ಣ ನಡುಕ. ಬಯಸಿದ್ದು ಇದನ್ನೇ ಅಲ್ಲವೇ ಎಂದುಕೊಳ್ಳುತ್ತಿದ್ದ. ಐದಾರು ದಿನಕ್ಕೆ ಹಡಗು ನ್ಯೂಯಾರ್ಕ್ ಸೇರಬೇಕು. ಸೇರಲಿಲ್ಲ. ಗಡಿಯಾರಗಳು ಹಿಂದಕ್ಕೆ ಹೋಗುತ್ತಲೇ ಇದ್ದವು.

ಆಮೇಲೊಂದು ಮಧ್ಯಾಹ್ನ ಗೋಡೆಯೊಳಗೆ ಎಲ್ಲೋ ಗಂಟೆ ಬಾರಿಸಿತು. ಇಂದ್ರೇಶ್ ಮಂಚದಿಂದ ಎದ್ದು ಕೂತ. ಗುಂಡಿಯನ್ನು ಅವನು ಒತ್ತಿರಲಿಲ್ಲ, ಅದಕ್ಕೆ ತಂತಿಯೇ ಇರಲಿಲ್ಲ. ಮತ್ತೆ ಬಾರಿಸಿತು, ಈ ಸಲ ಅಸಹನೆಯಿಂದ. ಬೇರೆ ಯಾವುದೋ ಕೋಣೆಯಿಂದ ಯಾರೋ ಕರೆಯುತ್ತಿದ್ದರು. ಕರೆಯುತ್ತಿರುವುದು ತನ್ನನ್ನೇ ಎಂದು ಅವನಿಗೆ ಹೇಗೋ ತಿಳಿಯಿತು. ಬಾಗಿಲು ತೆರೆದ. ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಗೋಡೆಯುದ್ದಕ್ಕೂ ಶೂಗಳ ಸಾಲು. ಗಂಡಸರ ಕರಿ ಶೂ, ಹೆಂಗಸರ ಎತ್ತರ ಹಿಮ್ಮಡಿಯವು, ಮಗುವಿನ ಪುಟ್ಟ ಬೂಟುಗಳು. ಎಲ್ಲಕ್ಕೂ ಉಪ್ಪುನೀರಿನ ಕಲೆ. ಕೊನೆಯಲ್ಲಿ ಪಾಲಿಶ್ ಡಬ್ಬಿ, ಬ್ರಷ್, ಬಟ್ಟೆ.

ಅವನಿಗೆ ಆಗ ಆಶ್ಚರ್ಯವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಕೆಲಸ ಬಹಳ ಇದೆ, ತಡವಾಗಿದೆ ಎಂಬ ಗಾಬರಿಯೊಂದೇ. ನೆಲಕ್ಕೆ ಕೂತು ಮೊದಲನೆಯ ಶೂ ಎತ್ತಿಕೊಂಡ.

ಅಪೂರ್ವ ಶಾಲೆಯಿಂದ ಬಂದು ಅವನನ್ನು ನೋಡಿದ್ದು ಹಾಗೆ. ಅವಳ ಕಣ್ಣಿಗೆ ಯಾವ ಶೂವೂ ಕಾಣಲಿಲ್ಲ. ಅಪ್ಪ ಖಾಲಿ ಕೈಗಳನ್ನು ಉಜ್ಜುತ್ತಿದ್ದ, ಅಂಗೈ ಕಪ್ಪಗಾಗಿತ್ತು. "ಅಪ್ಪ?" ಎಂದಳು. ಅವನು ತಲೆಯೆತ್ತದೆ "ಎಸ್ ಮಿಸ್, ಈಗ್ಲೇ ಮಿಸ್" ಎಂದ. ಹುಡುಗಿ ಓಡಿಹೋಗಿ ಅಮ್ಮನಿಗೆ ಫೋನ್ ಮಾಡಿದಳು.

ಸಂಯುಕ್ತಾ ಬಂದು ಮೈಮುಟ್ಟಿ ಅಲ್ಲಾಡಿಸಿದಳು, ಬೈದಳು, ಅತ್ತಳು. ಅವನು ವಿನಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ರಟ್ಟೆ ಹಿಡಿದು ಎಳೆದರೆ ಕಲ್ಲಿನಷ್ಟು ಭಾರ. ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟವಳಿಗೆ ಗೋಡೆಗೆ ಸಿಕ್ಕಿಸಿದ್ದ ಎಡ್ನಾಳ ನಂಬರು ಕಂಡಿತು. ಕಾಫಿ ನೆನಪಾಯಿತು. ಮೊದಲು ಮೆಲ್ಬರ್ನಿಗೇ ಮಾಡಿದಳು.

ಎಡ್ನಾ ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಕೈ ಕಪ್ಪಗಾಗಿದೆಯಾ?"

"ಹೌದು."

"ವಾಲ್ಟರ್‌ಗೂ ಹಾಗೇ ಆಗಿತ್ತು. ಒಳಗೆ ನಿಂತು ಎಳೀಬೇಡ ಮಗಳೇ, ಬರಲ್ಲ. ಅಲ್ಲಿ ನೀನೂ ಹಡಗಿನಲ್ಲೇ ಇರ್ತೀಯ. ನೀನು ಹೊರಗೆ ಹೋಗು, ದಡದಲ್ಲಿ ನಿಲ್ಲು. ಯಾರಾದ್ರೂ ಕಾಯ್ತಾ ನಿಂತಿದ್ರೆ ಮಾತ್ರ ಜನ ಇಳೀತಾರೆ. ಹೆಸರು ಹಿಡಿದು ಕರಿ. ಅವನ ಭಾಷೆಯಲ್ಲಿ ಕರಿ."

ಸಂಯುಕ್ತಾ ಗ್ಯಾರೇಜಿನ ದೊಡ್ಡ ಶಟರನ್ನು ಪೂರ್ತಿ ಎತ್ತಿದಳು. ಇಳಿಹೊತ್ತಿನ ಬಿಸಿಲು ಒಳಗೆ ಬಿತ್ತು. ತಾಯಿ ಮಗಳು ಡ್ರೈವ್‌ವೇಯ ತುದಿಗೆ ಹೋಗಿ ಫುಟ್‌ಪಾತಿನ ಮೇಲೆ ನಿಂತರು. ಎದುರು ಮನೆಯ ಪಂಜಾಬಿ ಅಜ್ಜ ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ನೋಡತೊಡಗಿದ. ಸಂಯುಕ್ತಾ ಮದುವೆಯಾದಂದಿನಿಂದ ಗಂಡನ ಹೆಸರನ್ನು ಜೋರಾಗಿ ಕೂಗಿದವಳಲ್ಲ. ಈಗ ಕೂಗಿದಳು.

"ಇಂದ್ರೇಶ್! ಊರು ಬಂತು, ಇಳೀರಿ! ನಾವು ಬಂದಿದೀವಿ!"

ಅವನು ಉಜ್ಜುತ್ತಲೇ ಇದ್ದ.

ಶಾಲೆಗೆ ಸೇರಿದಾಗಿನಿಂದ ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಅಪೂರ್ವ ಎರಡೂ ಕೈ ಎತ್ತಿ ಬೀಸಿದಳು. "ಅಪ್ಪಾ, ಇಲ್ಲಿ! ನಾನು ಇಲ್ಲಿದೀನಿ, ಬಾ ಅಪ್ಪಾ!"

ಅವನ ಕೈ ನಿಂತಿತು. ತಲೆಯೆತ್ತಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದ, ತುಂಬ ದೂರದಲ್ಲಿರುವವರನ್ನು ಗುರುತಿಸುವವನ ಹಾಗೆ. ಹಿಂದೆ ಗಂಟೆ ಬಾರಿಸಿತು. ಅದನ್ನು ಈ ಸಲ ಸಂಯುಕ್ತಾಳೂ ಕೇಳಿದಳು. ಅವನು ಹಿಂದಕ್ಕೊಮ್ಮೆ ತಿರುಗಿದ. "ಅಪ್ಪಾ!" ಎಂದು ಮಗಳು ಕಿರುಚಿದಳು. ಅವನು ಎದ್ದ. ಹಡಗಿನಿಂದ ಇಳಿಯುವ ಏಣಿಯ ಮೇಲೆ ನಡೆದಂತೆ, ಇಲ್ಲದ ಕಂಬಿಯೊಂದನ್ನು ಹಿಡಿದುಕೊಂಡು, ಕಾಲು ಅಗಲಿಸಿ ಡ್ರೈವ್‌ವೇಯಲ್ಲಿ ಇಳಿದು ಬಂದ. ಫುಟ್‌ಪಾತ್ ಮುಟ್ಟಿದ ಕೂಡಲೇ ಇಬ್ಬರೂ ಹಿಡಿದುಕೊಂಡರು. ಅವನ ಅಂಗಿ ಒದ್ದೆಯಾಗಿತ್ತು, ಉಪ್ಪಿನ ವಾಸನೆ ಬರುತ್ತಿತ್ತು.

"ಎಷ್ಟು ದಿನ ಆಯ್ತು?" ಎಂದು ಕೇಳಿದ. ಮೂರು ಗಂಟೆಯೂ ಆಗಿರಲಿಲ್ಲ.

ಆ ವಾರವೇ ಸ್ನೇಹಿತ ಸುಧನ್ವ ಬಂದು ಹಲಗೆಗಳನ್ನೆಲ್ಲ ಬಿಚ್ಚಿ ಕೊಟ್ಟ. ಇಂದ್ರೇಶ್ ಒಳಗೆ ಕಾಲಿಡಲಿಲ್ಲ. ಸುಟ್ಟುಬಿಡಿ ಎಂದಳು ಸಂಯುಕ್ತಾ, ಆದರೆ ಸಬರ್ಬಿನ ಹಿತ್ತಲಿನಲ್ಲಿ ಅಷ್ಟು ಮರ ಸುಡುವುದು ಆಗದ ಮಾತು. ಕೌನ್ಸಿಲ್‌ನವರ ಕಸದ ಲಾರಿ ಬುಕ್ ಮಾಡಿ ಎಲ್ಲವನ್ನೂ ರಸ್ತೆಬದಿಗೆ ಹೊರಿಸಿದರು. ಬೆಳಿಗ್ಗೆ ಲಾರಿ ಬಂದಾಗ ಅಲ್ಲಿ ಒಂದು ಹಲಗೆಯೂ ಇರಲಿಲ್ಲ. ಅದರಲ್ಲಿ ವಿಶೇಷವೇನಿಲ್ಲ. ರಸ್ತೆಬದಿಗೆ ಇಟ್ಟ ಒಳ್ಳೆಯ ಸಾಮಾನನ್ನು ಯಾರಾದರೂ ಎತ್ತಿಕೊಂಡು ಹೋಗುವುದು ಸಿಡ್ನಿಯಲ್ಲಿ ಮಾಮೂಲು.

ಇಂದ್ರೇಶನಿಗೆ ಅದು ಮಾಮೂಲಾಗಲಿಲ್ಲ. ಹಲಗೆ ಒಯ್ದವರು ದಯವಿಟ್ಟು ಜೋಡಿಸಬೇಡಿ ಎಂದು ಕಂಬಗಳಿಗೆ ಚೀಟಿ ಅಂಟಿಸಿದ, ಲೋಕಲ್ ಗ್ರೂಪುಗಳಲ್ಲಿ ಕೇಳಿದ. ಯಾರೂ ಒಪ್ಪಿಕೊಳ್ಳಲಿಲ್ಲ. ಎಡ್ನಾಳಿಗೆ ತಿಳಿಸಲು ಫೋನ್ ಮಾಡಿದರೆ ಆ ನಂಬರು ಬಳಕೆಯಲ್ಲಿರಲಿಲ್ಲ.

ಈಗ ಸಂಜೆ ವಾಕಿಂಗ್ ಹೋದಾಗ ಅವನು ಗಿರಾವೀನಿನ ಒಂದೊಂದೇ ಬೀದಿ ಹಿಡಿಯುತ್ತಾನೆ. ಮುಚ್ಚಿದ ಗ್ಯಾರೇಜುಗಳ ಮುಂದೆ ನಡಿಗೆ ನಿಧಾನವಾಗುತ್ತದೆ. ಸಂಯುಕ್ತಾಳೂ ಜೊತೆಗೆ ನಿಲ್ಲುತ್ತಾಳೆ. ಒಳಗೆ ದೀಪ ಕಂಡರೆ ಗಂಟೆಯ ಸದ್ದೇನಾದರೂ ಇದೆಯೇ ಎಂದು ಇಬ್ಬರೂ ಕಿವಿಗೊಡುತ್ತಾರೆ. ಟೀವಿಯ ಸದ್ದೋ ಮಕ್ಕಳ ಜಗಳವೋ ಕೇಳಿಸಿದರೆ ಮುಂದಿನ ಮನೆಗೆ ಹೋಗುತ್ತಾರೆ.