ಅಪ್ಪನ ‘ರೈಟ್’ ಮತ್ತು ಮಾಷ್ಟ್ರ ‘ರೈಟ್’

ನನ್ನ ಅಪ್ಪ ಬಂಟ್ವಾಳದಿಂದ ನಮ್ಮೂರು ಸಿದ್ಧಕಟ್ಟೆಯ ಮೂಲಕ ಮೂಡಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಇಂಗ್ಲಿಷಿನಲ್ಲಿ ಅವರಿಗೆ ಧೈರ್ಯವಾಗಿ ಹೇಳಲು ಬರುತ್ತಿದ್ದದ್ದು ಒಂದೇ ಶಬ್ದ. ಆ ಕೊರತೆಯನ್ನು ದಿನವಿಡೀ ಅದನ್ನೇ ಕೂಗಿ ತುಂಬಿಸುತ್ತಿದ್ದರು. “ರೈಟ್, ಪೋಯಿ!” ಪೋಯಿ ಎಂದರೆ ತುಳುವಿನಲ್ಲಿ ‘ಹೋಗೋಣ’. ಅದರ ಹಿಂದಿನ ರೈಟ್ ಕೂಡ ತುಳುವೇ ಎಂದು ನಾನು ಬಹಳ ವರ್ಷ ನಂಬಿದ್ದೆ.

ಆರನೆಯ ಕ್ಲಾಸಿನಲ್ಲಿ ಹೊಸ ಇಂಗ್ಲಿಷ್ ಮಾಷ್ಟ್ರು ಬಂದರು. ಮೂಡಬಿದಿರೆಯವರು. ವಾರವಿಡೀ ಸಿದ್ಧಕಟ್ಟೆಯಲ್ಲಿ ಉಳಿದು ಶನಿವಾರ ಮನೆಗೆ ಹೋಗುತ್ತಿದ್ದರು. ಒಂದು ದಿನ ಬೋರ್ಡಿನ ಮೇಲೆ ಇದೇ ಶಬ್ದ ಬರೆದು ಅರ್ಥ ಕೇಳಿದರು. ಒಬ್ಬಳು ‘ಸರಿ’ ಎಂದಳು, ಇನ್ನೊಬ್ಬಳು ‘ಬಲಗಡೆ’ ಎಂದಳು.

“ಇನ್ನೂ ಒಂದುಂಟು. ಯಾರು ಹೇಳ್ತೀರಿ?”

ನಾನು ಜಿಗಿದು ಎದ್ದೆ. “ಬಸ್ಸು ಹೊರಡಬಹುದು ಅಂತ, ಸಾರ್.”

ಇಡೀ ಕ್ಲಾಸು ನಕ್ಕಿತು. ಮಾಷ್ಟ್ರೂ ನಕ್ಕರು. “ಆ ಅರ್ಥ ಡಿಕ್ಷನರಿಯಲ್ಲಿ ಇಲ್ಲ ಮಾರಾಯ್ತಿ” ಎಂದು ‘ಹಕ್ಕು’ ಎಂದು ಬರೆದರು.

ಸಂಜೆ ಅಳುತ್ತಾ ಅಪ್ಪನಿಗೆ ಹೇಳಿದೆ. ಅವರು ಕಾಲು ತೊಳೆಯುತ್ತಾ ಎಲ್ಲ ಕೇಳಿ, “ಹಕ್ಕು ಅಂತಲೂ ಉಂಟಾ?” ಎಂದರು, ಅಷ್ಟೇ.

ಆ ಶನಿವಾರ ಮಧ್ಯಾಹ್ನ ಅಪ್ಪನ ಬುತ್ತಿ ಹಿಡಿದು ಬಸ್ಸಿನ ಹತ್ತಿರ ಹೋದೆ. ಮಾಷ್ಟ್ರು ಕಿಟಕಿಯ ಬಳಿ ಕೂತಿದ್ದರು. ಜನ ಹತ್ತಿಯಾಗಿತ್ತು, ಎಂಜಿನು ಗುಡುಗುಡು ಎನ್ನುತ್ತಿತ್ತು. ಅಪ್ಪ ಮಾತ್ರ ಬಾಗಿಲಲ್ಲಿ ಬಾಯಿ ಮುಚ್ಚಿ ನಿಂತಿದ್ದರು.

ಮಾಷ್ಟ್ರು ಗಡಿಯಾರ ನೋಡಿದರು. “ಹೊರಡುವ ಕಂಡಕ್ಟ್ರೇ, ಇನ್ನೆಂತ ಬಾಕಿ?”

“ಹೊರಡುವ ಮಾಷ್ಟ್ರೇ. ಆದರೆ ನನ್ನ ಹತ್ತಿರ ಇದ್ದದ್ದು ಒಂದೇ ಶಬ್ದ. ಅದಕ್ಕೆ ಆ ಅರ್ಥವೇ ಇಲ್ಲವಂತೆ, ಮಗಳು ಹೇಳಿದಳು. ಡಿಕ್ಷನರಿಯಲ್ಲಿ ಇರುವಂಥದ್ದು ನೀವೇ ಒಂದು ಹೇಳಿ.” ಅಪ್ಪನ ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ, ಪೂರ್ತಿ ವಿನಯ.

ಮಾಷ್ಟ್ರು ಕೆಳಗೆ ನಿಂತ ನನ್ನನ್ನು ನೋಡಿದರು. ಅವರ ಕಿವಿ ಕೆಂಪಾಯಿತು. “ಸ್ಟಾರ್ಟ್” ಎಂದರು.

“ಸ್ಟಾರ್ಟ್ ಆಗಿಯೇ ಉಂಟಲ್ಲ” ಎಂದರು ಡ್ರೈವರು.

“ಗೋ!”

“ಎಲ್ಲಿ? ದನ ಅಡ್ಡ ಬಂತಾ?” ಎಂದು ಮುಂದಿನ ಸೀಟಿನ ಅಜ್ಜರೊಬ್ಬರು ರಸ್ತೆಗೆ ಇಣುಕಿದರು.

ಮಾಷ್ಟ್ರು ಸೋತರು. ಕಣ್ಣು ಮುಚ್ಚಿ, “ರೈಟ್!” ಎಂದು ಕೂಗಿದರು. ಬಸ್ಸು ಎಷ್ಟು ಜೋರಾಗಿ ಹಾರಿತೆಂದರೆ ಬುತ್ತಿ ನನ್ನ ಕೈಯಲ್ಲೇ ಉಳಿಯಿತು. ಮೂಡಬಿದಿರೆಯಲ್ಲಿ ಇಳಿದ ಮೇಲೆ ಅಪ್ಪನಿಗೆ ಊಟವಿಲ್ಲವೆಂದು ತಿಳಿದು ಮಾಷ್ಟ್ರು ಮನೆಗೆ ಕರೆದರಂತೆ. ಅಪ್ಪ ಗಂಜಿಯ ಜೊತೆ ಎರಡು ಸಲ ಮೀನಿನ ಸಾರು ಹಾಕಿಸಿಕೊಂಡರಂತೆ.

ಸೋಮವಾರ ಮಾಷ್ಟ್ರು ಬೋರ್ಡಿನಲ್ಲಿ ನಾಲ್ಕನೆಯ ಅರ್ಥ ಬರೆದು, ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಯಾರೂ ನಗಲಿಲ್ಲ. ನಾನು ಮಾತ್ರ ನಕ್ಕೆ.

ಮರುವರ್ಷ ಏಳನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ನಾಲ್ಕನ್ನೂ ಬರೆದು ಬಂದೆ ಎಂದಾಗ ಮಾಷ್ಟ್ರು ತಲೆಗೆ ಕೈಯಿಟ್ಟರು. “ತಿದ್ದುವವರು ಬೇರೆ ಊರಿನವರು ಮಾರಾಯ್ತಿ! ಅವರು ನಿನ್ನ ಅಪ್ಪನ ಬಸ್ಸು ಹತ್ತಿದವರಲ್ಲ!” ಫಲಿತಾಂಶ ಬರುವವರೆಗೆ ನನಗಿಂತ ಅವರಿಗೇ ಹೆಚ್ಚು ಹೆದರಿಕೆಯಿತ್ತು.