ಎಡಗಡೆ ಸೀಟಿನ ಬೆಲ್ಟು

ದೆವ್ವ, ಶಕುನ, ಅಶರೀರವಾಣಿ ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಹೊಸ ಕಾರು ಮನೆಗೆ ಬಂದ ದಿನ ಅದರ ಚಕ್ರಗಳಡಿ ಇಡಲು ಹೆಂಡತಿ ನಿಂಬೆಹಣ್ಣು ತಂದಾಗ, "ನಿಂಬೆಹಣ್ಣಿಗೆ ಬ್ರೇಕ್ ಹಾಕೋಕೆ ಬರಲ್ಲ" ಎಂದು ಹೇಳಿ, ಅದರಲ್ಲಿ ಪಾನಕ ಮಾಡಿಸಿಕೊಂಡು ಕುಡಿದವನು ನಾನು. ನನಗಿದ್ದ ನಂಬಿಕೆಯೆಲ್ಲ ನಿಯಮಗಳಲ್ಲಿ. ಮುಂದಿನ ಗಾಡಿಯಿಂದ ದೂರ ಇರಬೇಕು. ಕನ್ನಡಿಗಳನ್ನು ಆಗಾಗ ನೋಡುತ್ತಿರಬೇಕು. ಎದುರಿಗೆ ಬರುವ ಪ್ರತಿಯೊಬ್ಬ ಮಹನೀಯನೂ ಇನ್ನೇನು ತಪ್ಪು ಮಾಡಲಿದ್ದಾನೆ ಎಂದು ಗೌರವಪೂರ್ವಕವಾಗಿ ಭಾವಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೂತವರೆಲ್ಲ ಬೆಲ್ಟು ಹಾಕುವ ತನಕ ನನ್ನ ಕಾರಿನ ಚಕ್ರ ಉರುಳಕೂಡದು.

ಈ ಕೊನೆಯ ನಿಯಮದ ಪರಮ ವೈರಿ ಬಸಣ್ಣ. ಧಾರವಾಡದ ಕಡೆಯವರು, ಒಂದೇ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾಗಿ, ರಾಜಾನುಕುಂಟೆಯ ನಮ್ಮ ಬಡಾವಣೆಯಲ್ಲೇ ಮನೆ ಕಟ್ಟಿಸಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಇಬ್ಬರೂ ನನ್ನ ಕಾರಿನಲ್ಲಿ ಯಲಹಂಕಕ್ಕೆ ಹೋಗಿ, ದೋಸೆ ತಿಂದು ತರಕಾರಿ ತರುವುದು ವಾಡಿಕೆ. ಎಡಗಡೆ ಸೀಟು ಅವರದು. ಬೇರೆಯವರ ಕಾರಿನಲ್ಲಾದರೆ, ಪೊಲೀಸರು ಕಂಡಾಗ ಮಾತ್ರ ಬೆಲ್ಟನ್ನು ಎಳೆದು ಎದೆಯ ಮೇಲೆ ಕೈಯಲ್ಲೇ ಹಿಡಿದುಕೊಳ್ಳುವರು, ದಾಟಿದ ಕೂಡಲೇ ಬಿಡುವರು. ನನ್ನ ಕಾರಿನಲ್ಲಿ ನಾನು ಬಲವಂತವಾಗಿ ಕೊಂಡಿ ಹಾಕಿಸಿದರೂ, ಅರ್ಧ ದಾರಿಯಲ್ಲಿ ಹೊಟ್ಟೆಗೆ ಒತ್ತುತ್ತದೆಂದು ಸದ್ದಿಲ್ಲದೆ ಬಿಚ್ಚುವರು. ಕಾರು ತಕ್ಷಣ 'ಟಿಣ್ ಟಿಣ್' ಎಂದು ಚಾಡಿ ಹೇಳುತ್ತಿತ್ತು. ನಾನು ಮಾತಿಲ್ಲದೆ ಇಂಡಿಕೇಟರ್ ಹಾಕಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಮಣ್ಣಿನ ಮೇಲೆ ಕಾರು ನಿಲ್ಲಿಸಿ ಕಾಯುತ್ತಿದ್ದೆ.

"ಸಾಹೇಬ್ರ, ನೀವ್ ಓಡಸೂ ವೇಗಕ್ಕ ಬೆಲ್ಟ್ ಯಾಕ್ ಬೇಕ್ರೀ? ಹೊರಗ ಬಿದ್ರೂ, ಎದ್ದು ಚಹಾ ಕುಡದು, ನಿಮಗಿಂತ ಮೊದ್ಲ ಯಲಹಂಕ ಮುಟ್ಟತೇನಿ" ಎನ್ನುವರು. ನಾನು ಕದಲುತ್ತಿರಲಿಲ್ಲ. ಕೊನೆಗೆ ಬೈದುಕೊಂಡು ಹಾಕಿಕೊಳ್ಳುವರು. ಹೀಗೆ ಎಷ್ಟೋ ಭಾನುವಾರ ನಡೆಯಿತು. ಆಮೇಲೆ ಒಂದು ದಿನ ಬಸಣ್ಣ ತಮ್ಮ ಮಂಚದ ಮೇಲೇ, ನಿದ್ದೆಯಲ್ಲೇ, ಯಾವ ವಾಹನದ ಸಹಾಯವೂ ಇಲ್ಲದೆ ಹೊರಟುಹೋದರು. ಎಡಗಡೆ ಸೀಟು ಖಾಲಿಯಾಯಿತು. ದೋಸೆಯೂ ನಿಂತಿತು.

ಮುಂದಿನ ಚಳಿಗಾಲದಲ್ಲಿ ಮಗಳು ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಒಂದು ಬೆಳಗಿನ ಜಾವ ನೋವು ಕಾಣಿಸಿಕೊಂಡಿತು. ಅಳಿಯ ಊರಲ್ಲಿರಲಿಲ್ಲ. ಹೆಂಡತಿ ಮತ್ತು ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಇಬ್ಬರಿಗೂ ಬೆಲ್ಟು ಹಾಕಿಸಿ, ಚೀಲಗಳನ್ನು ಡಿಕ್ಕಿಯಲ್ಲಿಟ್ಟು ಯಲಹಂಕದ ಆಸ್ಪತ್ರೆಗೆ ಹೊರಟೆ. ನನ್ನ ಪಕ್ಕದ ಸೀಟಿನ ಮೇಲೆ ಒಂದು ಕರ್ಚೀಫೂ ಇರಲಿಲ್ಲ. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ದೊಡ್ಡಬಳ್ಳಾಪುರ ರಸ್ತೆಗೆ ಬಂದರೆ ಅಲ್ಲಿ ರಸ್ತೆಯೇ ಇಲ್ಲ, ಬರೀ ಮಂಜು. ಹಾಲಿನ ಪಾತ್ರೆಯೊಳಗೆ ಕಾರು ಓಡಿಸಿದ ಹಾಗೆ. ದೀಪ ತಗ್ಗಿಸಿ, ಎಡಗಡೆಯ ಬಿಳಿ ಗೆರೆ ಹಿಡಿದು ನಿಧಾನವಾಗಿ ಹೋಗುತ್ತಿದ್ದೆ.

"ರೀ, ಇದೇನು ಮೆರವಣಿಗೇನಾ? ಸ್ವಲ್ಪ ಬೇಗ ಹೋಗ್ಬಾರ್ದಾ!" ಎಂದಳು ಹೆಂಡತಿ. ಮಗಳು ಹಲ್ಲು ಕಚ್ಚಿ ನರಳಿದಳು. ಆಕ್ಸಿಲರೇಟರ್ ಮೇಲೆ ನನ್ನ ಬಲಗಾಲು ಭಾರವಾಗತೊಡಗಿತು. ಮಗಳ ನರಳಾಟದ ಮುಂದೆ ಯಾವ ನಿಯಮ ನಿಂತೀತು?

ಆಗಲೇ ಕಾರು 'ಟಿಣ್ ಟಿಣ್' ಎಂದಿತು.

ಎಡಗಡೆ ಸೀಟಿನಲ್ಲಿ ಕೂತವರು ಬೆಲ್ಟು ಹಾಕಿಲ್ಲ ಎಂಬ ಕೆಂಪು ದೀಪ ಮುಂದೆ ಹತ್ತಿತ್ತು. ನಾನು ಏನನ್ನೂ ಯೋಚಿಸಲಿಲ್ಲ, ಹೆದರಲೂ ಇಲ್ಲ. ಅಷ್ಟು ಭಾನುವಾರಗಳ ಅಭ್ಯಾಸ ಕೈಕಾಲುಗಳನ್ನು ತಾನೇ ನಡೆಸಿತು. ಇಂಡಿಕೇಟರ್ ಹಾಕಿದೆ, ಕಾರನ್ನು ಪೂರ್ತಿ ಮಣ್ಣಿಗಿಳಿಸಿದೆ, ನಿಲ್ಲಿಸಿದೆ.

"ಅಪ್ಪಾ! ಯಾಕ್ ನಿಲ್ಲಿಸಿದ್ರಿ?" ಎಂದು ಮಗಳು ಚೀರಿದಳು.

"ಬೆಲ್ಟು" ಎಂದೆ.

"ಯಾರದ್ರೀ ಬೆಲ್ಟು? ಅಲ್ಲಿ ಯಾರಿದ್ದಾರೆ?" ಎಂದಳು ಹೆಂಡತಿ. ಅವಳ ಪ್ರಶ್ನೆ ನ್ಯಾಯವಾಗಿತ್ತು. ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ, ನಾವು ಬಿಟ್ಟ ರಸ್ತೆಯ ಮೇಲೆ, ಬರಬಾರದ ದಿಕ್ಕಿನಿಂದ, ದೀಪವಿಲ್ಲದ ಒಂದು ಟಿಪ್ಪರ್ ಲಾರಿ ಮಂಜನ್ನು ಸೀಳಿಕೊಂಡು ಬಂದು ಹಾದುಹೋಯಿತು. ಮುಂದಿನ ಯು-ಟರ್ನ್‌ವರೆಗೆ ಹೋಗಿ ಬರುವ ಶ್ರಮ ಉಳಿಸಿಕೊಂಡ ಮಹನೀಯ. ಅದರ ಗಾಳಿಗೆ ನಮ್ಮ ಕಾರು ತೊಟ್ಟಿಲಿನಂತೆ ತೂಗಿತು.

ಮಗಳು ನರಳುವುದನ್ನೇ ಮರೆತಿದ್ದಳು. ಆಮೇಲೆ ಹೆಂಡತಿ, ನಮ್ಮ ದಾಂಪತ್ಯದಲ್ಲಿ ಮೊದಲ ಸಲ, "ನಿಧಾನಕ್ಕೇ ಹೋಗೋಣ ರೀ" ಎಂದಳು. ಆಗಲೇ ನನ್ನ ಗಮನಕ್ಕೆ ಬಂದದ್ದು, ಟಿಣ್ ಟಿಣ್ ನಿಂತಿತ್ತು. ನಾನಿನ್ನೂ ಆ ಬೆಲ್ಟನ್ನು ಮುಟ್ಟಿರಲಿಲ್ಲ.

ಅಷ್ಟು ಅವಸರಪಡಿಸಿದ ಮೊಮ್ಮಗಳು ಕೊನೆಗೆ ಹುಟ್ಟಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ, ಆರಾಮವಾಗಿ. ಡ್ರೈವಿಂಗಿನಲ್ಲಿ ನನ್ನನ್ನೇ ಹೋಲುತ್ತಾಳೆಂದು ಸಂತೋಷಪಟ್ಟೆ.

ಕಾರನ್ನು ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಸೀಟಿನಡಿ ತಲೆಹಾಕಿ ನೋಡಿ, "ಎಲ್ಲಾ ಪಕ್ಕಾ ಇದೆ ಸಾರ್. ಯಾರಾದ್ರೂ ಕೂತ್ರೆ ಹೊಡ್ಕೊಳತ್ತೆ, ಇಲ್ಲಾಂದ್ರೆ ಇಲ್ಲ" ಎಂದ. ಚಳಿಗೆ ತಂತಿ ಬೆವರಿರಬಹುದು ಎಂದು ನಾನೇ ಸೂಚಿಸಿದೆ. ಅವನು ನನ್ನ ಮನಸ್ಸಿನ ಸಮಾಧಾನಕ್ಕೆ ಒಪ್ಪಿಕೊಂಡ. ಆಮೇಲೆ ಎಷ್ಟೋ ಮಂಜಿನ ಬೆಳಗುಗಳಲ್ಲಿ ಅದೇ ರಸ್ತೆಯಲ್ಲಿ ಹೋಗಿದ್ದೇನೆ. ಖಾಲಿ ಸೀಟು ಮತ್ತೊಮ್ಮೆ ಸದ್ದು ಮಾಡಿಲ್ಲ.

ದೆವ್ವದಲ್ಲಿ ನನಗೆ ಈಗಲೂ ನಂಬಿಕೆ ಇಲ್ಲ. ಭಾನುವಾರದ ದೋಸೆ ಮತ್ತೆ ಶುರುವಾಗಿದೆ, ಹಿಂದಿನ ಸೀಟಿನಲ್ಲಿ ಹೆಂಡತಿ, ಮೊಮ್ಮಗಳು. ನನ್ನನ್ನು ಕಾಡುವುದು ಒಂದೇ ಸಣ್ಣ ಸಂಗತಿ. ಆ ಸದ್ದು ನಿಲ್ಲಲು ನನಗೆ ತಿಳಿದಿರುವುದು ಎರಡೇ ದಾರಿ. ಬಸಣ್ಣ ಅವತ್ತು ನನ್ನ ಮಾತಿಗೆ ಬೆಲೆ ಕೊಟ್ಟು ಬೆಲ್ಟು ಹಾಕಿಕೊಂಡರೋ, ಇಲ್ಲ, ಕೆಲಸ ಮುಗಿಯಿತೆಂದು ಆ ಮಂಜಿನಲ್ಲೇ ಇಳಿದುಹೋದರೋ, ನನಗೆ ತಿಳಿಯದು. ಹಾಗಾಗಿ ಈಗಲೂ ಹೊರಡುವ ಮುಂಚೆ ಖಾಲಿ ಸೀಟಿನ ಕಡೆ ತಿರುಗಿ, ಸ್ವಲ್ಪ ಕಾಯುತ್ತೇನೆ. ಯಾಕೆಂದು ಹೆಂಡತಿ ಕೇಳುವುದಿಲ್ಲ.