ಕೆಂಪು ಚಡ್ಡಿಯ ಆನೆ

ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಪಾಂಡವಪುರದ ಅತ್ತೆಯ ಮನೆಗೆ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಬಂದಿತ್ತು. ಅದರ ಜೊತೆಗೊಂದು ಪ್ಲಾಸ್ಟಿಕ್ ಚಾಪೆ. ಅದರ ಮೇಲೆ ನಿಂತಲ್ಲೇ ಓಡಿದರೆ ಟಿವಿಯೊಳಗೆ ನಮ್ಮ ಪ್ರಾಣಿಯೂ ಓಡುತ್ತಿತ್ತು, ಹಾರಿದರೆ ಅದೂ ಹಾರುತ್ತಿತ್ತು. ಅತ್ತೆಯ ಮಗ ನನ್ನನ್ನು ಒಂದು ಮಾತೂ ಕೇಳದೆ ಇಲಿಯನ್ನು ಆರಿಸಿಕೊಂಡ. ನನ್ನ ಪಾಲಿಗೆ ಉಳಿದದ್ದು ಕೆಂಪು ಚಡ್ಡಿ ತೊಟ್ಟ ದಪ್ಪ ಆನೆ. ಚಾಪೆಯ ತುಂಬ ಆ ಪ್ರಾಣಿಗಳದೇ ಚಿತ್ರ; ಆನೆ ಸರಿಯಾಗಿ ನನ್ನ ಕಾಲಡಿಗೇ ಬಂದಿತ್ತು.

ಓಟ ಇನ್ನೂ ಅರ್ಧವಾಗಿರಲಿಲ್ಲ. ಅರಕೆರೆಯಿಂದ ಬಂದಿದ್ದ ಅಜ್ಜಿ ಬಾಗಿಲಲ್ಲಿ ನಿಂತು, "ಏನಮ್ಮಿ, ಗಣಪ್ಪನ್ನೇ ತುಳೀತಿದ್ದೀಯಾ?" ಎಂದರು.

ಕೆಂಡ ತುಳಿದವಳಂತೆ ಚಾಪೆಯಿಂದಾಚೆ ಹಾರಿ ಕೆನ್ನೆ ಕೆನ್ನೆ ಬಡಿದುಕೊಂಡೆ. ಟಿವಿಯಲ್ಲಿ ಆನೆಯೂ ನಿಂತಿತು. ಬೆಳಗಿನಿಂದ ಎಷ್ಟು ಸಲ ತುಳಿದಿದ್ದೆನೋ, ಲೆಕ್ಕವೇ ಇರಲಿಲ್ಲ. ದೇವರು ದಿಂಡರು ಎಂಬುದೇ ಇಲ್ಲದ ಅತ್ತೆಯ ಮಗ ಮಾತ್ರ ದಡದಡ ಓಡುತ್ತಲೇ ಇದ್ದ. ಅವನ ಇಲಿ ಆನೆಯನ್ನು ಹಿಂದೆ ಹಾಕಿ, ಗೆರೆ ದಾಟಿ, ಬಾಲ ಎತ್ತಿ ಕುಣಿಯಿತು.

ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಅದನ್ನೇ ನೋಡುತ್ತಿದ್ದರು.

"ಇಲಿ ಬುಟ್ಬುಟ್ಟು ಓಡೋಯ್ತಲ್ಲ," ಎಂದರು. "ಗಣಪ್ಪನ ಇಲಿ ಅಂಗೆಲ್ಲ ಅವನ್ನ ಬುಟ್ಟು ಓಗಾಕಿಲ್ಲ. ಇದು ಬರೀ ಆನೆ ಕಣಮ್ಮಿ. ತುಳ್ಕೊ ಓಗು."

ಸ್ಕೂಲಿನ ಎಲ್ಲ ಓಟದಲ್ಲೂ ಕಡೆಗೇ ಬರುತ್ತಿದ್ದವಳು ನಾನು. ಸೋತು ಪಾಪ ಕಳೆದುಕೊಂಡದ್ದು ಮಾತ್ರ ಅದೊಂದೇ ಸಲ.